ಭೂಮಿಯ ಬಿಸಿಯನ್ನು ಮಕ್ಕಳಿಗೆ ಹೇಳುವ ಬಗೆ



ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನಲ್ಲಿ ಪಾಮನಕಲ್ಲೂರು ಎಂಬ ಊರಿದೆ. ಮಲೆನಾಡಿನವರ ಸಭೆಯಲ್ಲಿ ಆ ಬಯಲು ಊರಿನ ಹೆಸರು ಏಕೆ ಬರಬೇಕೆಂದು ಯಾರಿಗಾದರೂ ಅನ್ನಿಸಬಹುದು. ಕಾರಣ ನೀರು. ಶೃಂಗೇರಿ, ತೀರ್ಥಹಳ್ಳಿಗಳ ಮೇಲೆ ಸುರಿದ ಮಳೆ ತುಂಗೆಯಾಗಿ ಹರಿದು, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಬಳಿಯ ಜಲಾಶಯದಲ್ಲಿ ನಿಂತು, ಅಲ್ಲಿಂದ ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಭತ್ತದ ಗದ್ದೆಗಳನ್ನು ಮುಟ್ಟುತ್ತದೆ. ಆ ಹಸಿರಿನಿಂದ ಹೆಚ್ಚು ದೂರವಿಲ್ಲದ ಪಾಮನಕಲ್ಲೂರಿನ ಸುತ್ತಣ ಹೊಲಗಳು ಮಾತ್ರ ಬಹುಪಾಲು ಆಕಾಶವನ್ನೇ ನೆಚ್ಚಿಕೊಂಡಿವೆ. ಅಲ್ಲಿನ ರೈತರು ಕೇಳುತ್ತ ಬಂದಿರುವುದು ಕೃಷ್ಣೆಯ ನೀರನ್ನು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ನವೆಂಬರಿನಲ್ಲಿ ಅವರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯ ಹೊತ್ತಿಗೂ ಅದೇ ಮಾತು ಮುಂದಿತ್ತು. ಆ ಕೃಷ್ಣೆಯೂ ಮಹಾಬಳೇಶ್ವರದ ಬಳಿ ಇದೇ ಸಹ್ಯಾದ್ರಿಯಲ್ಲಿ ಹುಟ್ಟಿದವಳು. ಬೆಟ್ಟದ ಮಗುವಿನ ಮಳೆಗೂ ಬಯಲಿನ ಮಗುವಿನ ಬಾಯಾರಿಕೆಗೂ ನಡುವೆ ಹೀಗೊಂದು ನಂಟು ಇದೆ. ಭೂಮಿ ಬಿಸಿಯಾಗುತ್ತಿರುವುದನ್ನು ಎಳೆಯರಿಗೆ ಹೇಗೆ ಹೇಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ನಂಟು ಅನುಕೂಲವಾದ ದಾರಿ.

ಸಾಮಾನ್ಯವಾಗಿ ಶಾಲೆಗಳಲ್ಲಿ ಈ ಪಾಠ ಹಿಮಕರಡಿಯಿಂದ ಆರಂಭವಾಗುತ್ತದೆ. ಕರಗುತ್ತಿರುವ ಮಂಜಿನ ತುಂಡಿನ ಮೇಲೆ ನಿಂತ ಬಿಳಿಯ ಪ್ರಾಣಿಯ ಚಿತ್ರ ತೋರಿಸಿ, ಗಿಡ ನೆಡಿ, ದೀಪ ಆರಿಸಿ ಎಂದು ಮುಗಿಸುತ್ತಾರೆ. ಪಾಮನಕಲ್ಲೂರಿನ ಮಗು ಮಂಜನ್ನು ಕಂಡಿಲ್ಲ. ಅದರ ಮನೆಯಲ್ಲಿ ಆರಿಸಲು ಇರುವ ದೀಪಗಳೂ ಎರಡು ಮೂರು. ಏಪ್ರಿಲ್‌, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಹೊಸ ಸಂಗತಿಯಲ್ಲ. ಕಲಬುರಗಿ ವಿಭಾಗದಲ್ಲಿ ಸರಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುವ ರೂಢಿಯಿದೆ. ಅಂಥ ಊರಿನ ಮಗುವಿಗೆ ಭೂಮಿ ಬಿಸಿಯಾಗುತ್ತಿದೆ ಎಂದರೆ, ‘ನಮ್ಮೂರಾಗ ಬ್ಯಾಸಿಗಿ ಅಂದ್ರ ಬಿಸಲ ಇರೂದ ಅಲ್ಲೇನ್ರಿ ಸರ?’ ಎಂದು ಅದು ಕೇಳಿದರೆ ಆಶ್ಚರ್ಯವಿಲ್ಲ. ಈ ಪ್ರಶ್ನೆಯನ್ನು ಗದರಿ ಕೂರಿಸುವ ಉಪಾಧ್ಯಾಯರು ಅಲ್ಲಿಗೇ ಪಾಠವನ್ನು ಕಳೆದುಕೊಂಡಂತೆ. ಪ್ರಶ್ನೆ ಸರಿಯಾಗಿಯೇ ಇದೆ. ರಾಯಚೂರು ಸೀಮೆಗೆ ಬಿಸಿಲೂ ಬರವೂ ಹಳೆಯವು. 1876ರಿಂದ 78ರವರೆಗಿನ ಮಹಾಕ್ಷಾಮ ದಖನ್ನಿನ ಬಯಲನ್ನೆಲ್ಲ ಬರಿದು ಮಾಡಿದಾಗ ಜಗತ್ತಿನಲ್ಲಿ ಮೋಟಾರು ಕಾರು ಇನ್ನೂ ಓಡಾಡುತ್ತಿರಲಿಲ್ಲ. ಆದ್ದರಿಂದ ಮೊದಲು ಹೇಳಬೇಕಾದದ್ದು ಬಿಸಿಲು ಎಂದರೇನು ಎಂಬುದಲ್ಲ, ಬಿಸಿಲು ಹೊರಟುಹೋಗುವುದು ಹೇಗೆ ಎಂಬುದು.

ಅದಕ್ಕೆ ಕಂಬಳಿ ಸಾಕು. ಬಯಲಿನಲ್ಲಿ ಕುರಿಗಾಹಿಯ ಹೆಗಲ ಮೇಲೂ ಮಲೆನಾಡಿನಲ್ಲಿ ಗದ್ದೆಗೆ ಇಳಿದವರ ತಲೆಯ ಮೇಲೂ ಇರುವ ಕರಿಯ ಕಂಬಳಿಯನ್ನು ತರಗತಿಗೆ ತಂದು ಮುಟ್ಟಿಸಬೇಕು. ಮುಟ್ಟಿದರೆ ಅದು ಬಿಸಿಯಿಲ್ಲ. ಅದರೊಳಗೆ ಕೆಂಡವಿಲ್ಲ. ಆದರೂ ಹೊದ್ದರೆ ಬೆಚ್ಚಗಾಗುತ್ತದೆ. ಬಿಸಿ ಎಲ್ಲಿಂದ ಬಂತು ಎಂದು ಕೇಳಿದರೆ ಆರೇಳು ವರ್ಷದ ಮಕ್ಕಳೂ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತವೆ: ಮೈಯಿಂದ. ಮೈಯ ಬಿಸಿ ಹೊರಗೆ ಹೋಗುವುದನ್ನು ಕಂಬಳಿ ತಡೆಯುತ್ತದೆ, ಅಷ್ಟೆ. ಭೂಮಿಯೂ ಹಗಲೆಲ್ಲ ಬಿಸಿಲು ಕುಡಿದು ಇರುಳೆಲ್ಲ ಅದನ್ನು ಆಕಾಶಕ್ಕೆ ಬಿಡುತ್ತದೆ. ಅದಕ್ಕೂ ಒಂದು ಕಂಬಳಿಯಿದೆ, ಅದು ಗಾಳಿಯದು. ಆ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಇರುವುದರಿಂದ 15 ಡಿಗ್ರಿಯ ಆಸುಪಾಸು ಇದೆ. ಕಂಬಳಿ ಕೆಟ್ಟದ್ದಲ್ಲ, ಬೇಕಾದದ್ದೇ. ಕಷ್ಟವಿರುವುದು ಒಂದರ ಮೇಲೊಂದು ಹೊದಿಸುತ್ತ ಹೋಗುವುದರಲ್ಲಿ.

ಇದನ್ನು ಮಗು ತಾನೇ ಪರೀಕ್ಷಿಸಬಹುದು. ಚಳಿಗಾಲದಲ್ಲಿ ನಕ್ಷತ್ರ ತುಂಬಿದ ಶುಭ್ರ ರಾತ್ರಿಯ ಮರುದಿನ ಬೆಳಿಗ್ಗೆ ಅಂಗಳದ ಕಲ್ಲನ್ನು ಮುಟ್ಟಿ ನೋಡಬೇಕು. ಮೋಡ ಮುಚ್ಚಿದ ರಾತ್ರಿ ಕಳೆದ ಮೇಲೆ ಅದೇ ಕಲ್ಲನ್ನು ಮತ್ತೆ ಮುಟ್ಟಬೇಕು. ಮೋಡದ ರಾತ್ರಿ ಕಲ್ಲು ಅಷ್ಟು ತಣ್ಣಗಾಗಿರುವುದಿಲ್ಲ. ಮೋಡವೂ ಗಾಳಿಯಲ್ಲಿರುವ ನೀರಿನ ಆವಿಯೂ ಕಂಬಳಿಯ ಕೆಲಸ ಮಾಡಿವೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾದದ್ದೇ ಇಲ್ಲ. ಯಾವ ರಾತ್ರಿ ತಣಿಯುತ್ತದೆ, ಯಾವ ರಾತ್ರಿ ತಣಿಯುವುದಿಲ್ಲ ಎಂಬುದು ಅವರ ಬೆನ್ನಿಗೆ ಗೊತ್ತು. ಜಗತ್ತಿನ ಬಹುಭಾಗಗಳಲ್ಲಿ ಹಗಲು ಬಿಸಿಯಾದುದಕ್ಕಿಂತ ಇರುಳು ಹೆಚ್ಚು ಬಿಸಿಯಾಗಿದೆ. ಸೂರ್ಯನೇ ಹೆಚ್ಚು ಉರಿಯುತ್ತಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಅಗತ್ಯ. ಪಠ್ಯಗಳಲ್ಲಿ ‘ಹಸಿರುಮನೆ ಅನಿಲ’ ಎಂಬ ಪದ ಬೇರೂರಿದೆ. ಎಳೆಯ ಮಗುವಿನ ಕಿವಿಗೆ ‘ಹಸಿರು’ ಎಂದರೆ ಒಳ್ಳೆಯದು, ‘ಮನೆ’ ಎಂದರೆ ಇನ್ನೂ ಒಳ್ಳೆಯದು. ಹಾಗಿದ್ದ ಮೇಲೆ ಆ ಅನಿಲಕ್ಕೆ ಹೆದರುವುದೇಕೆ ಎಂದು ಅದು ತಬ್ಬಿಬ್ಬಾಗುತ್ತದೆ. ಪದವನ್ನು ಮೇಲಿನ ತರಗತಿಗೆ ಬಿಟ್ಟು ಕಂಬಳಿಯನ್ನೇ ಹಿಡಿಯುವುದು ಲೇಸು. ಬಿಸಿಲಲ್ಲಿ ಗಾಜಿನ ಭರಣಿ ಮುಚ್ಚಿಟ್ಟು ತೋರಿಸುವ ಪ್ರಯೋಗವೂ ಅಷ್ಟೊಂದು ಪ್ರಾಮಾಣಿಕವಲ್ಲ. ಭರಣಿಯೊಳಗೆ ಬಿಸಿ ಏರುವುದು ಮುಖ್ಯವಾಗಿ ಬಿಸಿಗಾಳಿ ಮೇಲೆದ್ದು ಹೋಗಲಾಗದೆ ಸಿಕ್ಕಿಕೊಳ್ಳುವುದರಿಂದ. ವಾಯುಮಂಡಲದಲ್ಲಿ ನಡೆಯುವುದು ಬೇರೆ. ಇನ್ನೊಂದು ಗೊಂದಲ ಓಝೋನ್‌ನದು. ಓಝೋನ್ ಪದರದಲ್ಲಿ ತೂತು ಬಿದ್ದು ಬಿಸಿಲು ಒಳನುಗ್ಗುತ್ತಿದೆ, ಅದರಿಂದ ಭೂಮಿ ಕಾಯುತ್ತಿದೆ ಎಂದು ಎಷ್ಟೋ ತರಗತಿಗಳಲ್ಲಿ ಹೇಳಿಕೊಡಲಾಗಿದೆ. ಅವು ಎರಡು ಬೇರೆ ಕಥೆಗಳು. ಓಝೋನ್ ತೆಳುವಾದುದು ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ರಾಸಾಯನಿಕಗಳಿಂದ. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ದೇಶಗಳು ಅವುಗಳನ್ನು ನಿಲ್ಲಿಸುತ್ತ ಬಂದವು, ಪದರ ಈಗ ಮೆಲ್ಲಗೆ ಚೇತರಿಸಿಕೊಳ್ಳುತ್ತಿದೆ. ಗೊಂದಲ ಬಿಡಿಸಿದ ಮೇಲೆ ಈ ಕಥೆಯನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು. ಹಿರಿಯರು ಕೆಡಿಸಿದ್ದನ್ನು ಹಿರಿಯರೇ ಕುಳಿತು ಸರಿಪಡಿಸಿದ ನಿದರ್ಶನಗಳು ಹೆಚ್ಚಿಲ್ಲ.

ಕಂಬಳಿ ದಪ್ಪವಾದದ್ದು ಹೇಗೆ? ಒಂಬತ್ತು ಹತ್ತು ವರ್ಷದವರಿಗೆ ಇಲ್ಲಿ ಜೋಳದ ಕಾಳು ನೆರವಾಗುತ್ತದೆ. ಗಾಳಿಯನ್ನು ಒಂದು ಲಕ್ಷ ಕಾಳಿನ ರಾಶಿ ಎಂದುಕೊಂಡರೆ ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಕಾಳುಗಳು ಹಿಂದೆ ಸುಮಾರು 28 ಇದ್ದವು. ಈಗ 42ನ್ನು ದಾಟಿವೆ. ಹಿಂದೆ ಎಂದರೆ ಎಷ್ಟು ಹಿಂದೆ ಎಂದು ತೋರಿಸಲು ಪಾಮನಕಲ್ಲೂರಿನ ಮಕ್ಕಳಿಗೆ ತಾಲ್ಲೂಕಿನಲ್ಲೇ ಒಂದು ಅಳತೆಗೋಲಿದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅವನ ಹೆಸರನ್ನೇ ಹೊತ್ತ ಅಪರೂಪದ ಶಾಸನ ಅದು. ಆ ಅಕ್ಷರಗಳನ್ನು ಕೊರೆದ ಕಾಲದಲ್ಲಿ ಗಾಳಿಯಲ್ಲಿದ್ದ ಕಾಳುಗಳು 28ರ ಆಸುಪಾಸು. ಚಾಲುಕ್ಯರು ಬಂದರು, ವಿಜಯನಗರ ಬಂತು, ಸುಲ್ತಾನರು, ನಿಜಾಮರು ಬಂದರು. ಎರಡು ಸಾವಿರ ವರ್ಷ ಆ ಲೆಕ್ಕ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತ್ತು. ಏರಿದ್ದೆಲ್ಲ ಕಳೆದ ಇನ್ನೂರೈವತ್ತು ವರ್ಷಗಳಲ್ಲಿ, ಅದರಲ್ಲೂ ಬಹುಪಾಲು ಮಕ್ಕಳ ಅಜ್ಜ ಅಜ್ಜಿಯರ ಆಯುಷ್ಯದೊಳಗೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯತೊಡಗಿದಾಗ ಅದು 31 ಕಾಳುಗಳಷ್ಟಿತ್ತು. ಅದಕ್ಕೂ ಹಿಂದಿನ ಲೆಕ್ಕ ದೊರೆತದ್ದು ಅಂಟಾರ್ಕ್ಟಿಕದ ಮಂಜಿನೊಳಗೆ ಸೆರೆಯಾಗಿ ಉಳಿದ ಗಾಳಿಯ ಗುಳ್ಳೆಗಳಿಂದ.

ಲಕ್ಷದಲ್ಲಿ ಹದಿನಾಲ್ಕು ಕಾಳು ಹೆಚ್ಚಾದರೆ ಏನಾದೀತು ಎಂದು ಜಾಣ ಮಗು ಕೇಳಿಯೇ ಕೇಳುತ್ತದೆ. ಗಡಿಗೆ ಹಾಲಿಗೆ ಹಾಕುವ ಹೆಪ್ಪು ಎಷ್ಟು ಎಂದು ಮರುಪ್ರಶ್ನೆ ಹಾಕಬೇಕು. ಬಕೆಟ್ಟು ನೀರಿಗೆ ಬಟ್ಟೆಯ ನೀಲಿ ಎಷ್ಟು ಹನಿ? ಗಾಳಿಯ ಬಹುಭಾಗವಾದ ಸಾರಜನಕ, ಆಮ್ಲಜನಕಗಳು ಭೂಮಿಯ ಬಿಸಿಯನ್ನು ತಡೆಯುವುದೇ ಇಲ್ಲ. ತಡೆಯುವ ಕೆಲಸವೆಲ್ಲ ಈ ಸ್ವಲ್ಪದ ಪಾಲಿಗೆ ಬಂದಿದೆ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಬೇರೆ ಬೇರೆ ಅನಿಲ ತುಂಬಿದ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಎಲ್ಲಕ್ಕಿಂತ ಹೆಚ್ಚು ಕಾಯುವುದು ಇದೇ ಅನಿಲ ಎಂದು ಕಂಡಳು. ಮೂರು ವರ್ಷದ ಬಳಿಕ ಜಾನ್ ಟಿಂಡಲ್ ಅದು ಶಾಖವನ್ನು ಹೀರುವ ಬಗೆಯನ್ನು ಅಳೆದು ತೋರಿಸಿದ. ಇದು ನಿನ್ನೆ ಮೊನ್ನೆ ಹುಟ್ಟಿದ ಸುದ್ದಿಯಲ್ಲ.

ಈ ಹೆಚ್ಚುವರಿ ಕಾಳುಗಳು ಬಂದುದೆಲ್ಲಿಂದ ಎಂಬುದಕ್ಕೆ ರಾಯಚೂರಿನ ಮಕ್ಕಳು ದೂರ ಹೋಗಬೇಕಿಲ್ಲ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಅಲ್ಲಿ ಉರಿಯುವ ಕಲ್ಲಿದ್ದಲು ಒಂದು ಕಾಲದ ಕಾಡು. ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದೆ ಬೆಳೆದು, ಕೆಸರಿನಲ್ಲಿ ಹೂತು, ಕಲ್ಲಾದ ಕಾಡು. ಮರ ಗಾಳಿಯಿಂದ ಇಂಗಾಲ ಹೀರಿ ಮೈ ಬೆಳೆಸುತ್ತದೆ ಎಂಬುದನ್ನು ಬಲ್ಲ ಮಲೆನಾಡಿನ ಮಗುವಿಗೆ ಇದು ತಟ್ಟನೆ ಹೊಳೆಯುತ್ತದೆ: ನೆಲದೊಳಗಿನ ಕಾಡಿಗೆ ಬೆಂಕಿ ಹಚ್ಚಿದರೆ ಕೋಟಿ ಕೋಟಿ ವರ್ಷ ಅಡಗಿದ್ದ ಇಂಗಾಲ ಒಂದೇ ದಿನ ಹೊರಬೀಳುತ್ತದೆ. ಇಲ್ಲೊಂದು ಒಗಟೂ ಇದೆ. 12 ಕಿಲೊ ಇಂಗಾಲ ಉರಿದರೆ ಹೊರಡುವ ಅನಿಲದ ತೂಕ 44 ಕಿಲೊ. ಉರಿದದ್ದಕ್ಕಿಂತ ಹೊಗೆಯೇ ಭಾರವಾಗುವುದು ಹೇಗೆ? ಗಾಳಿಯ ಆಮ್ಲಜನಕವೂ ಜೊತೆಗೂಡುವುದರಿಂದ. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು ಒಂದು ಕಿಲೊ ಅನಿಲ ಇರುತ್ತದೆ. ಇನ್ನು ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಏಳುವ ಗುಳ್ಳೆಗಳಲ್ಲಿ ಮಿಥೇನ್ ಇದೆ. ಅದೂ ಕಂಬಳಿಯ ಎಳೆಯೇ. ಸಿಂಧನೂರಿನ ಗದ್ದೆಗೂ ಮಲೆನಾಡಿನ ಗದ್ದೆಗೂ ಇದು ಸಮಾನ. ಆದರೆ ಅನ್ನ ಬೆಳೆಯುವುದನ್ನೂ ಮೋಜಿಗೆ ವಿಮಾನ ಹಾರಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮಕ್ಕಳಿಗೆ ತೋರಿಸುವುದು ತರವಲ್ಲ.

ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆಯ ಎದುರು ಹಿರಿಯರು ತಡವರಿಸಿ, ‘ನಾವೆಲ್ಲರೂ ಕಾರಣ’ ಎಂದುಬಿಡುತ್ತಾರೆ. ಕೇಳಲು ವಿನಯದ ಮಾತು, ಲೆಕ್ಕದಲ್ಲಿ ಸುಳ್ಳು. ಅಮೆರಿಕದ ಒಬ್ಬ ಪ್ರಜೆಯ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 14 ಟನ್. ಭಾರತದ ಒಬ್ಬನದು ಸುಮಾರು 2 ಟನ್. ಆ ಎರಡು ಟನ್ನೂ ಸರಾಸರಿ. ಬೆಂಗಳೂರಿನಲ್ಲಿ ಎರಡು ಕಾರು, ಮೂರು ತಂಪುಯಂತ್ರಗಳಿರುವ ಮನೆಯನ್ನೂ, ಅಂಥ ಮನೆಗಳನ್ನು ಕಟ್ಟಲು ರಾಯಚೂರು ಸೀಮೆಯಿಂದ ಗುಳೆ ಹೋಗುವ ಕುಟುಂಬವನ್ನೂ ಕೂಡಿಸಿ ಭಾಗಿಸಿದಾಗ ಬರುವ ಅಂಕಿ ಅದು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವನ ಹಿಂದೆ ಗುಳೆ ಹೊರಟು ಶಾಲೆ ಬಿಡುವ ಮಗುವಿಗೆ, ಭೂಮಿ ಕಾಯ್ದದ್ದರಲ್ಲಿ ನಿನ್ನದೂ ಪಾಲಿದೆ, ಇನ್ನು ಮೇಲೆ ದೀಪ ಆರಿಸು ಎಂದು ಉಪದೇಶಿಸುವುದು ಕ್ರೂರವೆನ್ನದೆ ವಿಧಿಯಿಲ್ಲ. ಮಗುವಿಗೆ ಹೊರಿಸಬಾರದ ಹೊರೆ ಇದೊಂದೇ. ಉಳಿದದ್ದನ್ನೆಲ್ಲ ತಕ್ಕ ಮಾತಿನಲ್ಲಿ ಹೇಳಬಹುದು.

ಗಿಡ ನೆಡುವ ಮಾತೂ ಹೀಗೆಯೇ ಸ್ವಲ್ಪ ತಿದ್ದುಪಡಿ ಬೇಡುತ್ತದೆ. ಶಾಲೆಯ ಅಂಗಳದಲ್ಲಿ ಬೇವಿನ ಸಸಿ ನೆಡುವುದು ಒಳ್ಳೆಯದು. ಏಳೆಂಟು ವರ್ಷದಲ್ಲಿ ನೆರಳಾಗುತ್ತದೆ, ಮೇ ತಿಂಗಳಲ್ಲಿ ಆ ನೆರಳಿನ ಬೆಲೆ ಪಾಮನಕಲ್ಲೂರಿಗೆ ಚೆನ್ನಾಗಿ ಗೊತ್ತು. ನೆಡುವುದು ನೆರಳಿಗಾಗಿ ಎಂದೇ ಹೇಳಬೇಕು. ನಿನ್ನ ಸಸಿಯಿಂದ ಭೂಮಿ ತಣ್ಣಗಾಗುತ್ತದೆ ಎಂದರೆ, ಸಸಿ ಒಣಗಿದ ವರ್ಷ ಮಗು ಭೂಮಿಯೇ ತನ್ನಿಂದ ಹಾಳಾಯಿತೆಂದು ಕೊರಗೀತು. ಬೆಟ್ಟದ ಕಾಡನ್ನು ಕಾಯ್ದುಕೊಳ್ಳುವುದಕ್ಕೂ ಶಕ್ತಿನಗರದ ಹೊಗೆಯನ್ನು ಬೇವಿನ ಸಸಿಯಿಂದ ಸರಿದೂಗಿಸಹೊರಡುವುದಕ್ಕೂ ಬಹಳ ಅಂತರವಿದೆ.

ಇನ್ನು ಮಳೆಯ ಸಂಗತಿ. ಬಿಸಿ ಹೆಚ್ಚಾದರೆ ಬರವೋ ನೆರೆಯೋ ಎಂಬುದು ಮಕ್ಕಳನ್ನೂ ದೊಡ್ಡವರನ್ನೂ ಸಮಾನವಾಗಿ ಕಾಡುವ ಪ್ರಶ್ನೆ. ಎರಡೂ ಹೌದು ಎಂಬ ಉತ್ತರ ಮೋಸದ ಮಾತಿನಂತೆ ಕೇಳುತ್ತದೆ. ಒದ್ದೆ ಬಟ್ಟೆ ಬಿಸಿಗಾಳಿಗೆ ಬೇಗ ಒಣಗುತ್ತದೆ. ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಅದೇ ಗಾಳಿ ಹೊಲದ ತೇವವನ್ನು ಬೇಗ ಹೀರುತ್ತದೆ, ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ. ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟು ಹೆಚ್ಚಿವೆ ಎಂದು ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನ ತೋರಿಸಿದೆ. ಮಳೆಯ ಒಟ್ಟು ಅಳತೆ ಅಷ್ಟೇ ಇದ್ದರೂ ಅದು ಬೀಳುವ ದಿನಗಳು ಕಡಿಮೆಯಾದರೆ ಬಯಲಿನಲ್ಲಿ ತೊಗರಿ ಒಣಗುತ್ತದೆ, ಬೆಟ್ಟದಲ್ಲಿ ಗುಡ್ಡ ಜಾರುತ್ತದೆ.

ಆದರೆ ಎಲ್ಲ ಕೇಡನ್ನೂ ಇದೊಂದರ ಕೊರಳಿಗೆ ಕಟ್ಟಬಾರದೆಂಬುದನ್ನೂ ಮಕ್ಕಳು ಕಲಿಯಬೇಕು. ತುಂಗಭದ್ರೆಯ ಎರಡು ವರ್ಷಗಳು ಇದಕ್ಕೆ ತಕ್ಕ ಪಾಠ. 2023ರಲ್ಲಿ ಮುಂಗಾರು ಸೋತು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು, ಜಲಾಶಯ ತುಂಬಲಿಲ್ಲ. ಮರುವರ್ಷ ತುಂಬಿತು. ತುಂಬಿದ ಹೊತ್ತಿನಲ್ಲೇ, 2024ರ ಆಗಸ್ಟ್ 10ರ ರಾತ್ರಿ, 19ನೆಯ ಗೇಟಿನ ಸರಪಳಿ ಕಳಚಿ ನೀರು ನದಿಗೆ ನುಗ್ಗಿತು. ಮಳೆ ಸೋತದ್ದರಲ್ಲಿ ಎಲ್‌ನಿನೊ ಎಂಬ ಪೆಸಿಫಿಕ್ ಸಾಗರದ ಬಿಸಿಯ ಕೈವಾಡವಿತ್ತು. ಅದು ಭೂಮಿ ಕಾಯುವುದಕ್ಕೆ ಮೊದಲೂ ಬಂದು ಹೋಗುತ್ತಿದ್ದುದೇ. ಕಳಚಿದ ಸರಪಳಿಗೂ ವಾಯುಗುಣಕ್ಕೂ ಸಂಬಂಧವಿಲ್ಲ. ಅದು 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 133 ಟಿಎಂಸಿ ಅಡಿ ಹಿಡಿಯಬೇಕಿದ್ದ ಜಲಾಶಯ ಈಗ 105ರಷ್ಟು ಮಾತ್ರ ಹಿಡಿಯುವುದು ಹೂಳಿನಿಂದ. ಆ ಹೂಳು ಮೇಲಿನಿಂದ ಕೊಚ್ಚಿಹೋದ ಮಣ್ಣು. ಇದು ಮಲೆನಾಡಿನ ಸಭೆಗೆ ಹಿತವಾದ ಮಾತಲ್ಲ, ಆದರೂ ಆಡಲೇಬೇಕಾದದ್ದು. ಒಂದು ದಿನದ ಮಳೆ ಹವಾಮಾನ, ಮೂವತ್ತು ವರ್ಷದ ಮಳೆಯ ಚಾಳಿ ವಾಯುಗುಣ. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ, ಇಡೀ ಜಗತ್ತಿನದು 2024ರಲ್ಲಿ ಕೈಗಾರಿಕೆಗಳಿಗೆ ಮೊದಲಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೇಲಿತ್ತು ಎಂಬಂಥ ಮಾತು ಹೊರಡುವುದು ಇಂಥ ದೀರ್ಘ ದಾಖಲೆಯಿಂದ. ಒಂದೂವರೆ ಡಿಗ್ರಿ ಏನು ಮಹಾ ಎನ್ನುವವರಿಗೆ ಜ್ವರದ ನೆನಪು ಸಾಕು; ಮೈಯ ಬಿಸಿ ಅಷ್ಟು ಏರಿದರೆ ಅವ್ವ ಶಾಲೆಗೆ ಕಳಿಸುವುದಿಲ್ಲ.

ಮಕ್ಕಳಿಗೆ ಹೆದರಿಕೆ ಬಂದರೆ? ಬರುತ್ತದೆ. ಜ್ವರ ಬಂದಾಗಲೂ ಮಗು ಹೆದರುತ್ತದೆ. ಆಗ ಅದಕ್ಕೆ ಬೇಕಾದುದು ದೊಡ್ಡವರು ಎದ್ದು ಏನೋ ಮಾಡುತ್ತಿದ್ದಾರೆಂಬ ಭರವಸೆ. ಆ ಭರವಸೆಯನ್ನು ಬರಿಯ ಮಾತಿನಿಂದ ಕೊಡಲಾಗದು. ಪಾವಗಡದ ಬಯಲಿನಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಉದ್ಯಾನ ಎದ್ದಿರುವುದನ್ನು ತೋರಿಸಬಹುದು. ಸುಡುವ ಬಿಸಿಲೇ ಕಲ್ಲಿದ್ದಲಿನ ಜಾಗಕ್ಕೆ ಬರುವುದನ್ನು ಕಂಡರೆ ರಾಯಚೂರಿನ ಮಗುವಿಗೆ ತನ್ನ ಊರಿನ ಬಿಸಿಲಿನ ಬಗ್ಗೆ ಬೇರೊಂದು ಯೋಚನೆ ಹುಟ್ಟೀತು. ಕಾಲುವೆಗಾಗಿ ಕುಳಿತ ಹಿರಿಯರನ್ನು ಕಂಡ ಮಕ್ಕಳಿಗೆ, ದೊಡ್ಡವರು ಕೂಡಿ ಕೇಳಬಲ್ಲರು ಎಂಬುದು ಹೊಸತೂ ಅಲ್ಲ.

ಮಾಡಲು ಅವರಿಗೊಂದು ಕೆಲಸ ಕೊಡುವುದಾದರೆ ಅದು ಅಳೆಯುವ ಕೆಲಸವಾಗಲಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ, ರಾಯಚೂರು ಜಿಲ್ಲೆಯಲ್ಲಿ 600ರ ಆಸುಪಾಸು. ಬೆಟ್ಟದ ಶಾಲೆಯೊಂದು, ಬಯಲಿನ ಶಾಲೆಯೊಂದು ಜೊತೆಗೂಡಿ ದಿನವೂ ಮಳೆ ಅಳೆದು ತಿಂಗಳಿಗೊಮ್ಮೆ ಅಂಚೆ ಕಾರ್ಡಿನಲ್ಲಿ ಲೆಕ್ಕ ವಿನಿಮಯ ಮಾಡಿಕೊಳ್ಳುವುದಕ್ಕೆ ಹಣವೇನೂ ಬೇಡ. ಯಾವ ನಕ್ಷತ್ರದ ಮಳೆ ಎಂಬುದನ್ನೂ ಬರೆದರೆ ಮನೆಯ ಹಿರಿಯರು ತಾವಾಗಿಯೇ ಬಂದು ಕೂರುತ್ತಾರೆ. ಆದರೆ ‘ಹಿಂದೆಲ್ಲ ಮಳೆ ಸಕಾಲಕ್ಕೆ ಬರುತ್ತಿತ್ತು’ ಎಂಬ ಅವರ ಮಾತನ್ನು ಹಾಗೆಯೇ ನಂಬದೆ ಯಾವ ವರ್ಷ, ಯಾವ ಬೆಳೆ ಎಂದು ಕೇಳಿ ಬರೆದುಕೊಳ್ಳಬೇಕು. ನೆನಪು ಒಳ್ಳೆಯ ವರ್ಷಗಳನ್ನೇ ಆರಿಸಿಟ್ಟುಕೊಳ್ಳುತ್ತದೆ. ಅಳೆಯಲು ಬೇಕಾದುದು ಬಾಯಿಯೂ ತಳವೂ ಒಂದೇ ಅಗಲವಿರುವ, ಬದಿ ನೇರವಾಗಿರುವ ಡಬ್ಬಿ ಮತ್ತು ಒಂದು ಅಳತೆಪಟ್ಟಿ. ಅಷ್ಟೇ ಅಗಲವಾದುದು ಎಲ್ಲೆಡೆ ಸಿಗದಿದ್ದರೂ ಚಿಂತೆಯಿಲ್ಲ, ಬದಿ ನೇರವಾಗಿದ್ದರೆ ಡಬ್ಬಿ ಚಿಕ್ಕದಾದರೂ ದೊಡ್ಡದಾದರೂ ನೀರಿನ ಎತ್ತರ ಒಂದೇ ಬರುತ್ತದೆ. ಏಕೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಡಬ್ಬಿಯನ್ನು ಮರದ ಕೆಳಗಾಗಲಿ ಸೂರಿನ ಅಂಚಿಗಾಗಲಿ ಇಡದೆ ಬಯಲಿನಲ್ಲಿ ಅಲುಗದಂತೆ ಹೂಳಬೇಕು. ಹವಾಮಾನ ಇಲಾಖೆಯವರು ಓದುವ ಹೊತ್ತಿಗೇ, ಅಂದರೆ ಬೆಳಿಗ್ಗೆ 8.30ಕ್ಕೆ, ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಓದಿ, ಬರೆದು, ಚೆಲ್ಲಿ ಮತ್ತೆ ಇಡಬೇಕು. ಮಳೆ ಬಾರದ ದಿನ ಸೊನ್ನೆ ಎಂದು ಬರೆಯುವುದನ್ನು ಮರೆಯಬಾರದು. ಪಾಮನಕಲ್ಲೂರಿನ ಕಾರ್ಡಿನಲ್ಲಿ ಅವೇ ಹೆಚ್ಚಿರುತ್ತವೆ.